ಬೋರಜ್ಜಿಯಿಲ್ಲದ ಐದಾಳು ಪಡೆ

ಸಿನಿಮಾದವರ ಕೈಗೆ ಕಾಮಿಕ್ ಪುಸ್ತಕ ಸಿಕ್ಕರೆ ಮಂಗನ ಕೈಗೆ ಮಾಣಿಕ್ಯ ಸಿಕ್ಕ ಹಾಗೆ. ಈ ಮಾತನ್ನು ನಾನು ಚನ್ನಪಟ್ಟಣದಲ್ಲಿ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಎರಡು ಮಕ್ಕಳ ತಾಯಿ ಈ ಕೆಹಕಶಾನ್ ಇನ್ನೂ ಕಾಮಿಕ್ ಓದುತ್ತಾಳೆ ಎಂದು ನಮ್ಮ ಬೀದಿಯವರು ನಗುತ್ತಾರೆ. ನಗಲಿ. 'ಐದಾಳು ಪಡೆ'ಯ ತೊಂಬತ್ತೊಂದು ಸಂಚಿಕೆಗಳೂ ನನ್ನ ಬೀರುವಿನಲ್ಲಿವೆ. ಮದುವೆಯ ಬಟ್ಟೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿವೆ.

ಪಡೆ ಎಂದರೆ ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬೇಕು. ಸಿಡಿಲಯ್ಯ ನೀರಿಗಿಳಿದರೆ ಕೆರೆಗೆಲ್ಲ ಕರೆಂಟು ಹೊಡೆಯುತ್ತದೆ, ಆಗ ಮೀನಪ್ಪ ಬೇಕು. ಉರುಳುಬಂಡೆಗೆ ಬಲವಿದೆ, ಬುದ್ಧಿ ಕಮ್ಮಿ. ಹೊಗೆರಾಣಿಗೆ ಬುದ್ಧಿಯಿದೆ, ಆದರೆ ಗಾಳಿ ಬಂದರೆ ಮುಗಿಯಿತು. ಇವರ ಜೊತೆಗೆ ಗೂನುಬೆನ್ನಿನ ಬೋರಜ್ಜಿ. ಈಗ ಇವರ ಕಥೆಯನ್ನು ಸಿನಿಮಾ ಮಾಡುತ್ತಿದ್ದಾರೆ. ಟ್ರೇಲರ್ ನೋಡಿದೆ. ಸಿಡಿಲಯ್ಯ ನಡೆದು ಬರುತ್ತಾನೆ, ಮಿಕ್ಕವರು ಹಿಂದೆ ನಿಂತು ಅವನು ನಡೆಯುವುದನ್ನು ನೋಡುತ್ತಾರೆ. ಅರಿಸಿನ, ಕೆಂಪು, ಗಿಳಿಹಸಿರು ಬಟ್ಟೆಯವರಿಗೆಲ್ಲ ಮಸಿ ಬಳಿದಿದ್ದಾರೆ. ಯಾರು ಸತ್ತರೆಂದು ಇವರಿಗೆ ಇಷ್ಟು ಕಪ್ಪು?

ಹೀಗೆ ಬೈದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ, ಆದರೆ ಆ ಸಿನಿಮಾದ ಬೊಂಬೆಗಳ ಆರ್ಡರು ನಮ್ಮ ಅಂಗಡಿಗೇ ಬಂತು. ಅಂಗಡಿ ನನ್ನ ಸೋದರಮಾವ ಜಬ್ಬಾರ್ ಅವರದು. ನಾನು ಅಲ್ಲಿ ಲೇತ್ ಮೇಲೆ ಮರದ ಬೊಂಬೆ ಕಡೆಯುತ್ತೇನೆ. ಎರಡು ಸಾವಿರ ಸೆಟ್, ನಾಲ್ಕು ತಿಂಗಳ ಕೆಲಸ. ನಮ್ಮ ನಾಲ್ಕು ಲೇತ್‌ಗಳಲ್ಲಿ ಎರಡು ಕೆಲಸವಿಲ್ಲದೆ ಬಟ್ಟೆ ಹೊದ್ದು ಕೂತಿದ್ದವು. ಮಾಮುಗೆ ಈ ಆರ್ಡರು ಬೇಕೇ ಬೇಕಿತ್ತು, ಅದು ನನಗೂ ಗೊತ್ತಿತ್ತು.

ಸಿನಿಮಾದವರು ಕಳಿಸಿದ ಅಳತೆಯ ಹಾಳೆ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಸಿಡಿಲಯ್ಯ ಆರು ಇಂಚು, ಹೆಗಲ ಮೇಲೆ ಮುಳ್ಳುಗಳು. ಮಿಕ್ಕವರು ಮೂರು ಇಂಚು. ಬೋರಜ್ಜಿ ಇಲ್ಲವೇ ಇಲ್ಲ! ಅವಳ ಜಾಗದಲ್ಲಿ ತುಂಡು ಬಟ್ಟೆಯ 'ಬೋರಾ' ಎಂಬ ಹುಡುಗಿ.

ಮಾಮು ಹಾಳೆಯಲ್ಲಿದ್ದಂತೆ ಒಂದು ಸ್ಯಾಂಪಲ್ ಸೆಟ್ ಮಾಡಿದರು. ಅವರಿಗೆ ಹೇಳದೆ ನಾನೊಂದು ಸೆಟ್ ಮಾಡಿದೆ. ಐದೂ ಒಂದೇ ಎತ್ತರ. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟೆ. ಲೇತ್‌ನಲ್ಲಿ ಎಲ್ಲವೂ ದುಂಡಗೇ ಬರುತ್ತದೆ, ಗೂನು ಬರುವುದಿಲ್ಲ. ಹಾಗಾಗಿ ಬೋರಜ್ಜಿಯ ಮೈಯನ್ನು ಮೇಲೆ ಓರೆಯಾಗಿ ಕೊಯ್ದು ತಲೆ ಕೂರಿಸಿದೆ. ಮೂರು ಸಲ ಕೆಟ್ಟಿತು, ನಾಲ್ಕನೆಯದು ಅವಳೇ.

ಶನಿವಾರ ಸಿನಿಮಾ ಕಂಪನಿಯ ಜಯಕುಮಾರ್ ಬಂದ. ಮಾಗಡಿ ಕಡೆಯವನು. ಎರಡು ಸೆಟ್ಟನ್ನೂ ಮುಂದಿಟ್ಟೆ. ಮಾಮು ನನ್ನನ್ನು ದುರುಗುಟ್ಟಿ ನೋಡಿದರು.

"ಇದ್ಯಾವುದಮ್ಮ ಮುದ್ಕಿ?" ಎಂದ ಜಯಕುಮಾರ್.

"ಬೋರಜ್ಜಿ ಸಾರ್. ಮೊದಲ್ನೇ ಸಂಚಿಕೆಯಿಂದ ಅವ್ಳೆ. ನೀವು ಓದಿಲ್ವಾ?"

"ಓದಕ್ಕೆ ಎಲ್ಲೈತೆ ಟೈಮು?"

ನಮ್ಮ ಅಂಗಡಿಯಲ್ಲಿ ಒಂದು ಕಟ್ಟಳೆಯಿದೆ. ಮಾಮುವಿನ ತಾಯಿ, ನನ್ನ ನಾನಿ ವಜೀರಾ, ಮೂಲೆಯಲ್ಲಿ ಕೂತು ಪ್ರತಿ ಬೊಂಬೆಯನ್ನೂ ಕೆಳತುಟಿಗೆ ಒತ್ತಿ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಮಗು ಬೊಂಬೆಯನ್ನು ಮೊದಲು ಬಾಯಿಗೇ ಇಟ್ಟುಕೊಳ್ಳುವುದಲ್ಲವೇ? ಚುಚ್ಚಿದರೆ ಅದು ಹೊರಗೆ ಹೋಗುವಂತಿಲ್ಲ. ಮುಳ್ಳಿನ ಸಿಡಿಲಯ್ಯನನ್ನು ತುಟಿಗಿಟ್ಟ ನಾನಿ ಹಾಗೇ ರದ್ದಿನ ಬುಟ್ಟಿಗೆ ಎಸೆದರು.

"ಅಯ್ಯೋ ಅಜ್ಜಿ, ಅದು ಡೈರೆಕ್ಟ್ರು ಓಕೆ ಮಾಡಿರೋದು!"

"ನಿಮ್ ಡೈರೆಕ್ಟ್ರು ಬಾಯ್ಗೆ ಇಕ್ಕೊಂಡ್ ನೋಡವ್ರಾ?"

ಜಯಕುಮಾರ್ ನಕ್ಕುಬಿಟ್ಟ. "ಆಯ್ತು, ಮುಳ್ಳು ತೆಗೀರಿ. ಎತ್ತರಾನೂ ಒಂದೇ ಮಾಡ್ಕಳಿ, ನಾನು ಹೇಳ್ತೀನಿ. ಆದ್ರೆ ಮುದ್ಕಿ ಬ್ಯಾಡ, ಹುಡುಗೀನೇ ಬೇಕು."

"ಹಂಗಾದ್ರೆ ನಾನ್ ಮಾಡಲ್ಲ ಸಾರ್," ಎಂದೆ.

"ಕೆಹಕಶಾನ್, ಬಾಯ್ಮುಚ್ಚು!" ಮಾಮು ಗದರಿದರು.

"ಮಾಮು, ನಾಕು ಜನ ಇದ್ರೆ ಅದು ಐದಾಳು ಪಡೆ ಹೆಂಗಾಯ್ತದೆ?"

"ಐದನೇದು ಹುಡುಗಿ ಐತಲ್ಲಮ್ಮ," ಜಯಕುಮಾರ್ ತಾಳ್ಮೆಯಿಂದಲೇ ಹೇಳಿದ. "ಮುದ್ಕಿ ಹೊಡೆಯಲ್ಲ, ಹಾರಲ್ಲ. ಸುಮ್ಕೆ ಮೂಲೇಲಿ ಕುಂತಿರ್ತಾಳಂತೆ. ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಮುದ್ಕಿ ಬೊಂಬೆ ಯಾರ್ ತಗತ್ತಾರೆ? ಸಾಬ್ರೇ, ನಾನು ಕಾರಲ್ಲಿರ್ತೀನಿ. ಈ ಆರ್ಡರ್ ಹಾಳೆಗೆ ಸೈನ್ ಹಾಕಿ ತಂದ್ಬುಡಿ."

ಅವನು ಹೊರಗೆ ಹೋದ. ಮಾಮು ಪೆನ್ನು ಹುಡುಕತೊಡಗಿದರು. ನನ್ನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ನಾಲ್ಕು ತಿಂಗಳ ಅನ್ನಕ್ಕೆ ಅಡ್ಡ ನಿಂತಿದ್ದೇನೆ ಎಂಬ ಹೆದರಿಕೆಯೂ ಇತ್ತು. ಆದರೂ ಒಂದು ಹೆಜ್ಜೆ ಹಿಂದೆ ಇಡಲು ಮನಸ್ಸು ಒಪ್ಪಲಿಲ್ಲ.

ನಾನಿ ಮೂಲೆಯಿಂದಲೇ ಕೇಳಿದರು. "ಆ ಮುದ್ಕಿ ಏನ್ ಮಾಡ್ತಾಳೆ ಬೇಟಿ?"

"ಕೇಳಿಸ್ಕೋತಾಳೆ ನಾನಿ. ಎಲ್ಲಿ ಯಾರು ಅಳ್ತಿದ್ರೂ ಅವ್ಳಿಗೆ ಕೇಳಿಸ್ತದೆ. ಮಿಕ್ಕ ನಾಕು ಜನಕ್ಕೆ ಏನೂ ಕೇಳ್ಸಲ್ಲ."

"ಮತ್ತೆ ಅವ್ರು?"

"ಅವ್ಳು ಎಲ್ಲಿಗೆ ಹೋಗಿ ಅಂತಾಳೋ ಅಲ್ಲಿಗೆ ಹೋಗ್ತಾರೆ."

ನಾನಿ ಬೋರಜ್ಜಿಯನ್ನು ಕೈಗೆತ್ತಿಕೊಂಡು ತುಟಿಗೆ ಒತ್ತಿ ಪೂರ್ತಿ ಒಂದು ಸುತ್ತು ತಿರುಗಿಸಿದರು. ಪಾಸಾದ ಬೊಂಬೆಗಳ ಸಾಲಿನಲ್ಲಿ ನಿಲ್ಲಿಸಿದರು. ಆಮೇಲೆ ಸೈನ್ ಬೀಳದ ಆ ಆರ್ಡರ್ ಹಾಳೆಯನ್ನು ನಾಲ್ಕಾಗಿ ಮಡಚಿ ಮಗನ ಕಡೆಗೆ ಚಾಚಿದರು.

"ಜಬ್ಬಾರ್, ಆ ಹುಡ್ಗ ಕಾರ್ ತೆಗೆಯೋಕೆ ಮುಂಚೆ ಇದನ್ನ ವಾಪಸ್ ಕೊಟ್ಟು ಬಾ."

ಮಾಮು ಬಟ್ಟೆ ಹೊದ್ದ ಎರಡು ಲೇತ್‌ಗಳನ್ನು ನೋಡಿದರು. ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಕೊನೆಗೆ ತಾಯಿಯನ್ನು ನೋಡಿ, ಪೆನ್ನನ್ನು ಜೇಬಿಗಿಟ್ಟು, ಹಾಳೆ ಹಿಡಿದು ಹೊರಗೆ ಹೋದರು.