ಹೆಣ್ಣು ನೋಡುವ ದಿನ ಹಾಕಿದ ಬೀಗ

ನಮ್ಮ ಬಿಕರ್ನಕಟ್ಟೆಯ ಓಣಿಯಲ್ಲಿ ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಮನೆ ಗುಡಿಸಿ ಒರೆಸುವಷ್ಟೇ ಸಲೀಸಾಗಿ ಇನ್ನೊಂದು ಕೆಲಸವೂ ನಡೆಯುತ್ತದೆ. ಮನೆಯಲ್ಲಿ ಅಂಗವಿಕಲ ಮಗುವಿದ್ದರೆ ಅದನ್ನು ಒಳಗೆ ಹಾಕಿ ಬಾಗಿಲು ಮುಚ್ಚುವುದು. ಇದಕ್ಕೆ ಮರ್ಯಾದೆ ಎಂದು ಹೆಸರು. ನನ್ನ ಬಾಯಲ್ಲಿ ಬೇರೆ ಹೆಸರುಂಟು, ಬರೆಯುವಂಥದ್ದಲ್ಲ.

ಆ ಭಾನುವಾರ ಪಕ್ಕದ ಮನೆಯ ವಾರಿಜಾಕ್ಷಿ ಬೆಳಿಗ್ಗೆಯೇ ಬನ್ಸ್ ಕರಿಯುತ್ತಿದ್ದಳು. ದೊಡ್ಡ ಮಗಳು ಭವ್ಯಶ್ರೀಯನ್ನು ನೋಡಲು ಸುರತ್ಕಲ್ಲಿನಿಂದ ಬರುವವರಿದ್ದರು. ನಾನು ಹೋದದ್ದು ಚಿಕ್ಕವಳು ಮೋಕ್ಷಾಳ ಚಿತ್ರಕ್ಕಾಗಿ. ಅವಳಿಗೆ ಚಿತ್ರ ಕಲಿಸುವವಳು ನಾನು, ಎಸ್ತೆರ್. ಹುಡುಗಿಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ, ಮಾತು ತೊದಲು. ಮರುದಿನ ಹಂಪನಕಟ್ಟೆಯಲ್ಲಿ ಶುರುವಾಗುವ ಪ್ರದರ್ಶನದಲ್ಲಿ ಅವಳ ಚಿತ್ರವನ್ನು ತೂಗುಹಾಕುವುದಿತ್ತು. ಮನೆಮಂದಿಯ ಚಿತ್ರ. ಮೀನಿನ ಬೋಟಿನಲ್ಲಿ ಎರಡು ಬೆರಳು ಕಳೆದುಕೊಂಡ ಅಪ್ಪ, ದಪ್ಪ ಕನ್ನಡಕದ ಅಮ್ಮ, ತೀರಿಹೋದ ಗೂನುಬೆನ್ನಿನ ಅಜ್ಜಿ, ನಡುವೆ ಗಾಲಿಕುರ್ಚಿಯಲ್ಲಿ ತಾನು. ಯಾರನ್ನೂ ತಿದ್ದಿರಲಿಲ್ಲ. ಯಾರನ್ನೂ ನೋಡಿ ಅಯ್ಯೋ ಪಾಪ ಅನ್ನಿಸುತ್ತಲೂ ಇರಲಿಲ್ಲ.

ಅಪ್ಪ ಪೂವಪ್ಪಣ್ಣ ಚಿತ್ರ ಕೊಡಲು ಒಪ್ಪಲಿಲ್ಲ.

"ಗಂಡಿನವರು ಅಲ್ಲಿ ನೋಡಿದರೆ ಎಂತ ಮಾಡುದು ಟೀಚರ್? ಇದು ನಾಗದೋಷ ಅಂತ ಜೋಯಿಸರು ಹೇಳಿದ್ದುಂಟು. ದೊಡ್ಡವಳ ಬದುಕು ಹಾಳಾಗ್ತದೆ."

"ನಿಮ್ಮ ಬೆರಳು ಹೋದದ್ದು ಯಾವ ದೋಷ ಪೂವಪ್ಪಣ್ಣ?"

"ಅದು ಹಗ್ಗಕ್ಕೆ ಸಿಕ್ಕಿದ್ದು. ಇದು ಬೇರೆ."

"ಬಲೆಗೆ... ಒಂದೇ ಜಾತಿ ಮೀನು ಬೀಳ್ತದಾ ಅಪ್ಪ?" ಎಂದಳು ಮೋಕ್ಷಾ.

ಅವರು ಮಗಳನ್ನೂ ಚಿತ್ರವನ್ನೂ ಬಲೆ ಇಡುವ ಕೋಣೆಗೆ ತಳ್ಳಿ, ಬೀಗ ಹಾಕಿ, ಕೀಲಿಕೈ ಕಿಸೆಗೆ ಹಾಕಿಕೊಂಡರು. ಆ ಕೋಣೆಗೆ ಕಿಟಕಿಯೇ ಇಲ್ಲ. ಅವರು ಮನೆಗೆ ಹೋಗಿ ಎಂದರೂ ನಾನು ಹೋಗದೆ ಅಡುಗೆಮನೆಯಲ್ಲಿ ಕುಳಿತೆ.

ಗಲ್ಫಿನಲ್ಲಿ ಕೆಲಸದಲ್ಲಿರುವ ಹುಡುಗ ದೀಪೇಶ್, ಅವನ ತಾಯಿ ಹೇಮಾಕ್ಷಿ ಬಂದರು. ಮಾತು ಶುರುವಾದಾಗ ಒಳಗಿನಿಂದ ಕದ ಬಡಿಯುವ ಸದ್ದು ಕೇಳಿತು. ವಾರಿಜಾಕ್ಷಿ ಓಡಿಬಂದು ಖಾಲಿ ಮಿಕ್ಸಿ ತಿರುಗಿಸಿದಳು. ಕಣ್ಣಲ್ಲಿ ನೀರು, ಕೈ ಮಿಕ್ಸಿಯ ಮೇಲೆ. ನಾನು ಸ್ವಿಚ್ ಆರಿಸಿದೆ. ಅಷ್ಟರಲ್ಲಿ ಬಡಿಯುವ ಸದ್ದು ನಿಂತಿತ್ತು.

ಭವ್ಯಶ್ರೀ ಕಾಫಿಯ ತಟ್ಟೆಯನ್ನು ನೆಲಕ್ಕಿಟ್ಟಳು.

"ಅಪ್ಪ, ಕೀ ಕೊಡಿ."

"ಸುಮ್ಮನೆ ಕೂತ್ಕೊ."

ಅವಳು ಬಂದವರ ಕಡೆ ತಿರುಗಿದಳು. "ಒಳಗೆ ನನ್ನ ತಂಗಿ ಇದ್ದಾಳೆ. ನಡೆಯಲಿಕ್ಕೆ ಆಗುದಿಲ್ಲ. ನಿಮಗೆ ಕಾಣಬಾರದು ಅಂತ ಬೀಗ ಹಾಕಿದ್ದು." ಹಾಗೆಂದು ಅಪ್ಪನ ಕಿಸೆಗೇ ಕೈ ಹಾಕಿದಳು.

ಬೀಗ ತೆಗೆದು ನೋಡಿದರೆ ಮೋಕ್ಷಾ ಕುರ್ಚಿಯಿಂದ ಬಿದ್ದಿದ್ದಳು. ಹಣೆ ಒಡೆದಿತ್ತು, ಮೈಯೆಲ್ಲ ಬೆವರು, ಪ್ರಜ್ಞೆ ಇರಲಿಲ್ಲ. ಉಸಿರು ಮಾತ್ರ ಆಡುತ್ತಿತ್ತು. ಪೂವಪ್ಪಣ್ಣ ತಲೆಯ ಮೇಲೆ ಕೈಹೊತ್ತು "ಎಲ್ಲ ಹೋಯಿತು" ಎಂದರು. ಹೋದದ್ದು ಸಂಬಂಧ ಎಂದು ಅವರ ಅರ್ಥ. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ.

ಹೇಮಾಕ್ಷಿ ಬಾಗಿಲಿಗೆ ಬಂದು ಹುಡುಗಿಯನ್ನು ನೋಡಿದರು, ಗೋಡೆಗೆ ಒರಗಿಸಿದ್ದ ಚಿತ್ರವನ್ನು ನೋಡಿದರು. ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಮ್ಮ ಮನೆಯ ಒಂದು ಫೋಟೋದಲ್ಲೂ ನನ್ನ ಸಣ್ಣ ಮಗ ಅಮೃತ್ ಇಲ್ಲ. ಅವನಿಗೆ ಬುದ್ಧಿ ಬೆಳೆದಿಲ್ಲ. ನೀವು ಬೇಡ ಅಂತ ಹೇಳಿದ್ರೆ ಅಂತ ಹೆದರಿ ಬೆಳಿಗ್ಗೆ ಅವನನ್ನು ಒಳಗೆ ಬಿಟ್ಟು ಬೀಗ ಹಾಕಿ ಬಂದದ್ದು."

"ಅವನೊಟ್ಟಿಗೆ ಯಾರಿದ್ದಾರೆ?" ಎಂದೆ.

"ಯಾರೂ ಇಲ್ಲ."

ಭವ್ಯಶ್ರೀ ತಂಗಿಯ ತಲೆಯನ್ನು ಮಡಿಲಿಗೆ ಎತ್ತಿಕೊಂಡಿದ್ದಳು. "ಮತ್ತೆ ಇಲ್ಲಿ ಎಂತ ಕೂತಿದ್ದೀರಿ? ಹೋಗಿ ಬಾಗಿಲು ತೆಗೀರಿ. ಅವನನ್ನೂ ಕರ್ಕೊಂಡು ಬನ್ನಿ. ನನ್ನನ್ನು ನೋಡುದು ಆಮೇಲೆ."