ಗುಂಡಿಯೊಳಗೆ ಮಲಗಿದ್ದು

ಹಿತ್ತಲಲ್ಲಿ ಸಜ್ಜೆ ಕುಟ್ಟುತ್ತಿದ್ದೆ. ಕರ್ನಲನ ತಾಯಿ ತೀರಿಕೊಂಡರು ಅಂತ ಕಾವಲಿನವನು ಬಂದು ಹೇಳಿದ. ಒನಕೆ ಕೆಳಗಿಟ್ಟೆ.

ಹತ್ತು ವರ್ಷದಿಂದ ನಾನು ಕರ್ನಲ್ ತಪ್ಸೋಬನ ಮನೆಯ ಅಡುಗೆಯವಳು. ಫ್ರೆಂಚರು ಬಾವುಟ ಇಳಿಸಿಕೊಂಡು ಹೋದಾಗ ಅವನು ಬರೀ ಕ್ಯಾಪ್ಟನ್. ಆರು ವರ್ಷ ಕಳೆದು ಒಂದು ಬೆಳಿಗ್ಗೆ ರೇಡಿಯೋದಲ್ಲಿ ಅವನ ದನಿ ಬಂತು, ಮಂತ್ರಿಗಳೆಲ್ಲ ಜೈಲು ಸೇರಿದರು. ಆಮೇಲೆ ಅವನೆದುರು ದನಿ ಎತ್ತಿದವಳು ನಾನೊಬ್ಬಳೇ. ಅವನು ಮೊಸ್ಸಿ, ನಾನು ಸಾಮೊ. ನಮ್ಮೆರಡು ಕುಲಕ್ಕೂ ಅಜ್ಜಂದಿರ ಕಾಲದಿಂದ ಗೇಲಿಯ ನಂಟು. ಅವರನ್ನು ನಾವು ಕತ್ತೆ ತಿನ್ನೋರು ಅಂತೀವಿ, ನಮ್ಮನ್ನು ಅವರು ನಾಯಿತಲೆ ತಿನ್ನೋರು ಅಂತಾರೆ; ಏನು ಬೈದರೂ ಸಿಟ್ಟಾಗುವಂತಿಲ್ಲ.

"ಏನೋ ನನ್ನ ಗುಲಾಮ, ಇವತ್ತು ಕತ್ತೆ ಮಾಂಸ ಬೇಯಿಸಲೇನೋ?"

"ನಾಯಿತಲೆ ತಿನ್ನೋಳೆ, ಸುಮ್ನೆ ಬಡಿಸೆ."

ಆದರೆ ನನ್ನ ತಮ್ಮ ಗೋರೊನ ಮಾತೆತ್ತಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಮೇಷ್ಟ್ರಾಗಿದ್ದವನು ಮುಷ್ಕರ ಮಾಡಿಸಿದ, ಹೆಸರು ಕರ್ನಲನ ಪಟ್ಟಿಗೆ ಸೇರಿತು. ಸಿಕ್ಕರೆ ಗುಂಡೇ. ಗಡಿ ದಾಟಿ ಕೋಕೋ ತೋಟದಲ್ಲಿ ಕೂಲಿಗೆ ನಿಂತ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ನಾನು ಬರೆದ ಮೊದಲ ಕಾಗದ ಅವನಿಗೇ. ಅಂಚೆಯಲ್ಲಿ ಒಡೆದು ಓದಿದರೆ ಅವನಿರುವ ಜಾಗ ತಿಳಿಯುತ್ತದಲ್ಲ ಅಂತ ನಾಲ್ಕು ವರ್ಷ ಕಾಳಿನ ಗಡಿಗೆಯಲ್ಲೇ ಇಟ್ಟಿದ್ದೆ.

ಮೊಸ್ಸಿಗಳ ಮನೆಯಲ್ಲಿ ಸಾವಾದರೆ ಸಾಮೊಗಳು ಹೆಣ ತಡೆಯಬೇಕು, ಅದೂ ಆ ಗೇಲಿಯ ನಂಟಿನ ಕಟ್ಟಳೆಯೇ. ಕೇಳಿದ್ದು ಕೊಡುವ ತನಕ ಮಣ್ಣು ಮಾಡಲು ಬಿಡಬಾರದು. ನಾನು ಕರ್ನಲನ ಟೋಪಿ ಹಾಕಿಕೊಂಡು, ಅವನ ಹಾಗೇ ಎದೆ ಸೆಟೆಸಿ ನಡೆದು ಹೋಗಿ, ಅವನ ತಾಯಿಗೆ ತೋಡಿದ್ದ ಗುಂಡಿಯೊಳಗೆ ಮಲಗಿಬಿಟ್ಟೆ. ಸಿಪಾಯಿಗಳೂ ನಕ್ಕರು.

"ಏಳೇ ಮುದುಕಿ, ಒಂದು ಮೇಕೆ ಕೊಡ್ತೀನಿ."

"ನೀನೇ ತಿನ್ಕೊ. ನಿಮ್ಮಮ್ಮನ ಜೊತೆ ನಾನೂ ಇಲ್ಲೇ ಇರ್ತೀನಿ."

"ಸರಿ, ಎರಡು ಮೇಕೆ!"

"ನಂಗೆ ನನ್ನ ತಮ್ಮ ಗೋರೊ ಬೇಕು. ಪಟ್ಟಿಯಿಂದ ಅವನ ಹೆಸರು ತೆಗಿ."

ನಗು ನಿಂತಿತು. ಬೆನ್ನಿಗೆ ಮಣ್ಣು ತಣ್ಣಗಿತ್ತು. ಕರ್ನಲನ ಕೈ ಪಿಸ್ತೂಲಿನ ಬೆಲ್ಟಿನ ಮೇಲಿತ್ತು, ಕಣ್ಣು ಬಿಸಿಲಲ್ಲಿ ತಾಯಿಯ ಹೆಣ ಸುತ್ತಿಟ್ಟ ಚಾಪೆಯ ಮೇಲೆ.

"ಅಮ್ಮ ಇದ್ದಿದ್ರೆ ನಿನ್ನ ಕಡೇನೇ ನಿಲ್ತಿದ್ಲು," ಅಂದ ಕೊನೆಗೆ. ಕಾರ್ಯದರ್ಶಿಯನ್ನು ಕರೆದು ಎಲ್ಲರೆದುರೇ ಬರೆಸಿ ರುಜು ಹಾಕಿದ. "ಬರ್ಲಿ ಆ ನಾಯಿತಲೆಯೋನು. ಏಳೀಗ, ಅಮ್ಮಂಗೆ ಬಿಸಿಲು."

ತಾನೇ ಕೈಕೊಟ್ಟು ಎತ್ತಿದ. ಪಟ್ಟಿಯಲ್ಲಿ ಇನ್ನೂ ಎಷ್ಟೋ ಹೆಸರಿದ್ದವು. ನಾನು ಕೇಳಿದ್ದು ಒಂದೇ. ಅದು ಆಗಾಗ ಚುಚ್ಚುತ್ತದೆ. ಆದರೂ ಅಂದು ಎದೆ ಎಷ್ಟು ಹಗುರಾಗಿತ್ತೆಂದರೆ ಮನೆಯವರೆಗೂ ಅವನ ಟೋಪಿಯಲ್ಲೇ ನಡೆದು ಬಂದೆ.

ಮರುದಿನ ಗಡಿಗೆಗೆ ಕೈ ಹಾಕಿ ಕಾಗದ ತೆಗೆದೆ. ಒಂದು ಮೂಲೆಯನ್ನು ಹುಳ ತಿಂದಿತ್ತು. ಕೆಳಗೆ "ಹೆದರಬೇಡ, ಬಾ" ಅಂತ ಸೇರಿಸಿ, ಅಂಚೆ ಪೆಟ್ಟಿಗೆಯ ಬಾಯಿಗೆ ಹಾಕಿದೆ.