ಟೋಪಿ ನೋಡಿ ಎಣಿಸಬೇಡಿ

ಸ್ಕಾರ್ಫನ್ನು ಎರಡು ಸಲ ಬಿಚ್ಚಿದ ನರ್ಸ್ ಮೂರನೆಯ ಸಲ ಸುತ್ತಿದಳು. ಇಪ್ಪತ್ತು ವರ್ಷದಿಂದ ವಾರ್ಡಿನಲ್ಲಿ ಎಷ್ಟೋ ಜನರಿಗೆ ಕೊನೆಯ ಬಟ್ಟೆ ತೊಡಿಸಿದ ಕೈ ಅವಳದು. ಚಿಕ್ಕಪ್ಪನ ಕತ್ತಿಗೆ ಹಸಿರು ಸ್ಕಾರ್ಫ್ ಕಟ್ಟುವ ಈ ಸಣ್ಣ ಕೆಲಸ ಮಾತ್ರ ಅದಕ್ಕೆ ಒಗ್ಗಲಿಲ್ಲ.

"ಬಲಗಡೆ ತುದಿ ಉದ್ದ ಆಯ್ತು ನೋಡೆ," ಎಂದರು ಚಿಕ್ಕಮ್ಮ, ಮಂಚದ ಆ ಬದಿಯಿಂದ. "ಸೊಟ್ಟಗೆ ಕಟ್ಟಿ ಕಳಿಸಿದ್ರೆ ದಾರೀಲಿ ಎದ್ದು ಕೂತು ಬಿಚ್ಚಿಬಿಡ್ತಾರೆ."

ನರ್ಸ್ ನಕ್ಕಳು. ಬಲಗಡೆಯ ತುದಿಯನ್ನು ಹಿಂದಕ್ಕೆಳೆದಳು.

ಪಕ್ಕದ ಕೋಣೆ ಚಿಕ್ಕಪ್ಪನ ಕಾರ್ಖಾನೆ. ಮೂವತ್ತೆಂಟು ವರ್ಷ ಅವರು ಊರಿನ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದ್ದು ಅಲ್ಲೇ, ಮೊನ್ನೆ ಮಧ್ಯಾಹ್ನ ಒಂದು ಹಿತ್ತಾಳೆ ತಟ್ಟೆಯ ಮೇಲೆ ಬಾಗಿದವರು ಬಾಗಿದ ಹಾಗೇ ಉಳಿದದ್ದೂ ಅಲ್ಲೇ. ಬೆಂಚಿನ ಮೇಲೆ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ವಾರದಲ್ಲಿ ಆರು ದಿನ ಈ ಬೆಂಚು, ಭಾನುವಾರ ಸ್ಕೌಟ್ ದಳ. ಅವರ ಆಯುಷ್ಯವೆಲ್ಲ ಇಷ್ಟೇ. ಮಕ್ಕಳು ಅವರನ್ನು ತಕ್ಕಡಿ ಸರ್ ಎಂದು ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರು ಬೇಜಾರು ಮಾಡಿಕೊಂಡವರಲ್ಲ.

"ಪೀಪಿ ಅಮ್ಮ ಬರ್ತಾಳಂತೆ," ಎಂದರು ಚಿಕ್ಕಮ್ಮ. "ಅಂಗಡಿಯಿಂದ ಫೋನ್ ಮಾಡಿದ್ಲು. ಎಷ್ಟು ಗಂಟೆಗೆ ಅಂತ ಕೇಳಿದ್ಲು, ಅಷ್ಟೇ. ಇಟ್ಬಿಟ್ಲು."

ನರ್ಸಿನ ಬೆರಳು ಗಂಟಿನ ಮೇಲೆ ನಿಂತಿತು.

"ಯಾಕೆ ಬರ್ತಾರೆ?"

"ನನಗೇನು ಗೊತ್ತು? ಬೈಯೋಕೋ ಏನೋ. ಬೈಯಲಿ ಬಿಡು, ಮಗನ್ನ ಕಳ್ಕೊಂಡವಳು." ಚಿಕ್ಕಮ್ಮ ಗಂಡನ ಅಂಗಿಯ ಕಾಲರನ್ನು ಅಂಗೈಯಿಂದ ತೀಡಿದರು. "ಇಷ್ಟು ವರ್ಷ ಸಂಸಾರ ಮಾಡಿದೀನಿ. ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೆ ಊಟ ಸೇರ್ತಿರಲಿಲ್ಲ ಈ ಮನುಷ್ಯನಿಗೆ. ಅವತ್ತೊಂದು ದಿನ ಅದು ಹೇಗೆ ಎಣಿಕೆ ತಪ್ಪಿದ್ರೋ, ನನಗೆ ಇವತ್ತಿಗೂ ತಿಳಿದಿಲ್ಲ."

ನರ್ಸ್ ಗಂಟು ಬಿಗಿದಳು. ಎರಡು ತುದಿಯೂ ಸಮನಾಗಿ ಬಂದವು.

*

ಇಪ್ಪತ್ತಮೂರು ವರ್ಷದ ಹಿಂದೆ ಅವಳಿಗೆ ಹತ್ತೊಂಬತ್ತು. ಪರೀಕ್ಷೆ ಮುಗಿದು ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದವಳನ್ನು ಚಿಕ್ಕಪ್ಪ ದಳದ ಸಹಾಯಕಿಯಾಗಿ ಎಳೆದುಕೊಂಡು ಹೋದರು. "ಸುಮ್ನೆ ಜೊತೇಲಿ ಬಾ. ದೊಡ್ಡೋರು ಇಬ್ಬರಿರಬೇಕು, ಅದು ನಿಯಮ. ಮಿಕ್ಕಿದ್ದು ತಾನಾಗೇ ಬರುತ್ತೆ."

ಸೇರಿ ಒಂದು ತಿಂಗಳಾಗಿತ್ತು. ಗುಡ್ಡದ ದಾರಿಯಲ್ಲಿ ಇಪ್ಪತ್ತೆರಡು ಮಕ್ಕಳ ನಡಿಗೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಪೀಪಿ, ಹನ್ನೊಂದು ವರ್ಷದವನು. ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಎತ್ತರದ ಪ್ರಕಾರ ಸಾಲು ನಿಂತಾಗ ಅವನು ಕೊನೆ. ಎಣಿಕೆ ತನ್ನ ತನಕ ಬರುವುದನ್ನೇ ಕಾದಿದ್ದು "ಇಪ್ಪತ್ತೆರಡು!" ಎಂದು ಗುಡ್ಡವೆಲ್ಲ ಕೇಳುವಂತೆ ಕೂಗುತ್ತಿದ್ದ.

ಮಧ್ಯಾಹ್ನ ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದರು. ಊಟವಾದ ಮೇಲೆ ಒಬ್ಬ ಹುಡುಗಿಯ ಕಾಲಿಗೆ ಮುಳ್ಳು ಚುಚ್ಚಿತು. ಚಿಕ್ಕಪ್ಪ ಮಂಡಿಯೂರಿ ಮುಳ್ಳು ತೆಗೆಯುತ್ತ, ತಲೆ ಎತ್ತದೆ ಹೇಳಿದರು: "ಎಲ್ಲರನ್ನೂ ಒಂದ್ಸಲ ಎಣಿಸಿಬಿಡಮ್ಮ, ಹೊರಡೋಣ."

ಅವಳು ಇದ್ದಲ್ಲಿಂದಲೇ ಎಣಿಸಿದಳು. ದೊಡ್ಡ ಹುಡುಗಿಯರು ಯಾವುದೋ ತಮಾಷೆ ಹೇಳುತ್ತಿದ್ದರು, ಒಂದು ಕಿವಿ ಆ ಕಡೆ. ಹತ್ತು ಹೆಜ್ಜೆ ದೂರದಿಂದ, ಮರದ ಸುತ್ತ ಕಂಡ ನೀಲಿ ಟೋಪಿಗಳನ್ನು ಬೆರಳಾಡಿಸಿ ಎಣಿಸಿದಳು. ಕೊನೆಯ ಟೋಪಿ ಮರದ ಬುಡಕ್ಕೆ ಒರಗಿ ಕೂತಿತ್ತು.

"ಇಪ್ಪತ್ತೆರಡು. ಸರಿ ಇದೆ ಚಿಕ್ಕಪ್ಪ."

ಸೀಟಿ ಊದಿದರು. ಸಾಲು ಹೊರಟಿತು. ಅವಳು ಹಾಡುತ್ತ ನಡುವೆ ನಡೆದಳು.

ಅರ್ಧ ಗಂಟೆಯ ನಂತರ ಮರದ ಸೇತುವೆ ಬಂತು. ಚಿಕ್ಕಪ್ಪ ಅದರ ಬಾಯಲ್ಲಿ ನಿಂತು ಒಬ್ಬೊಬ್ಬರನ್ನೇ ದಾಟಿಸಿದರು. ಇಪ್ಪತ್ತೊಂದನೆಯವಳು ದಾಟಿದಳು. ಹಿಂದೆ ಖಾಲಿ ದಾರಿ. ಅವರು ಆ ದಾರಿಯನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಓಡಿದರು. ಅವರು ಓಡುವುದನ್ನು ಅವಳು ಕಂಡದ್ದು ಅದೊಂದೇ ಸಲ.

ಮರದ ಬುಡದಲ್ಲಿ ಪೀಪಿಯ ಚೀಲ ಒರಗಿತ್ತು. ಚೀಲದ ತುದಿಗೆ ಅವನು ತನ್ನ ಟೋಪಿ ಸಿಕ್ಕಿಸಿದ್ದ. ಪೊದೆಯ ಆಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯಲ್ಲಿ ನೀರು ನಿಂತಿತ್ತು. ಅದರ ಮೇಲೆ ಅವನ ಬಾಟಲಿ ತೇಲುತ್ತಿತ್ತು.

*

ಶಾಲೆಯ ಸಭಾಂಗಣ ಹನ್ನೊಂದು ಗಂಟೆಗೆ ತುಂಬಿತು. ಅಂಗಡಿಕಾರರು ಬಂದಿದ್ದರು, ಹಳೆಯ ಸ್ಕೌಟುಗಳು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಈಗಿನ ದಳದ ಹದಿನೇಳು ಮಕ್ಕಳು ಸಮವಸ್ತ್ರದಲ್ಲಿ ಎಡಗಡೆ ನಿಂತಿದ್ದರು.

ಅವರ ಜೊತೆ ನಿಂತಿದ್ದವನು ಬೇಕರಿಯವನು, ಒಂಬತ್ತು ವರ್ಷದಿಂದ ತಕ್ಕಡಿ ಸರ್‌ಗೆ ಸಹಾಯಕ. ದಪ್ಪ ಮನುಷ್ಯ, ಅತ್ತು ಅತ್ತು ಮೂಗು ಕೆಂಪಾಗಿತ್ತು. ಎರಡು ಮಾತಾಡು ಎಂದು ಯಾರೋ ದೂಡಿದಾಗ ಜೇಬಿನಿಂದ ಟೈಪು ಮಾಡಿದ ಹಾಳೆಗಳನ್ನು ತೆಗೆದ.

"ನನಗೆ ಭಾಷಣ ಬರಲ್ಲ. ದಳಕ್ಕೆ ಹೊಸದಾಗಿ ಸೇರೋ ದೊಡ್ಡೋರಿಗೆ ಅಂತ ಸರ್ ಇದನ್ನ ಬರೆದಿಟ್ಟಿದ್ರು. ನಾನು ಸೇರಿದ ದಿನ ಕೈಗೆ ಕೊಟ್ಟು, ಬಾಯಿಪಾಠ ಮಾಡ್ಕೊಂಡು ಬಾ, ಆಮೇಲೆ ಮಕ್ಕಳ ಹತ್ರ ಬಿಡ್ತೀನಿ ಅಂದ್ರು. ಸ್ವಲ್ಪ ಓದ್ತೀನಿ."

ಅವನು ಕನ್ನಡಕ ಏರಿಸಿದ.

"ಹಸಿದ ಮಕ್ಕಳಿಗೆ ಪಾಠ ಹೇಳಬೇಡಿ. ಮೊದಲು ಊಟ, ಆಮೇಲೆ ನಕ್ಷೆ.

"ಡೇರೆಯನ್ನು ಇಳಿಜಾರಿನಲ್ಲಿ ಹಾಕಿದರೆ ಬೆಳಿಗ್ಗೆ ಎಲ್ಲರೂ ಒಂದೇ ಮೂಲೆಯಲ್ಲಿ ಸಿಗುತ್ತಾರೆ."

ಜನ ನಕ್ಕರು.

"ಮನೆ ನೆನಪಾಗಿ ಅಳುವ ಮಗುವಿಗೆ ಸಮಾಧಾನ ಹೇಳಬೇಡಿ, ಕೆಲಸ ಕೊಡಿ. ಸೌದೆ ತರಲಿ, ಪಾತ್ರೆ ಉಜ್ಜಲಿ. ನೀವೂ ಪಕ್ಕದಲ್ಲಿ ಕೂತು ಉಜ್ಜಿ.

"ಯಾವ ಮಗುವಿನೊಂದಿಗೂ ಬಾಗಿಲು ಮುಚ್ಚಿ ಮಾತಾಡಬೇಡಿ. ಗುಟ್ಟಿನ ಮಾತಾದರೂ ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣುವಂತೆ ಕೂತು ಆಡಿ.

"ಗಂಟು ಬರದಿದ್ದರೆ ಬರುವುದಿಲ್ಲ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳಿ. ಅವರೇ ಕಲಿಸುತ್ತಾರೆ." ಬೇಕರಿಯವನು ತಲೆ ಎತ್ತಿದ. "ಇದು ನನಗೋಸ್ಕರವೇ ಬರೆದಿದ್ದು ಅನ್ಕೊಂಡಿದ್ದೆ."

ಮತ್ತೆ ನಗು. ಮಕ್ಕಳೂ ನಕ್ಕರು.

"ಗುಂಪಿನ ಹಿಂದೆ ಯಾವಾಗಲೂ ಒಬ್ಬ ದೊಡ್ಡವರಿರಲಿ. ಹಿಂದಿರುವವರಿಗೆ ಹಾಡುವ ಕೆಲಸವಿಲ್ಲ, ತಿರುಗಿ ನೋಡುವ ಕೆಲಸ.

"ಎಣಿಸುವಾಗ ತಲೆ ಮುಟ್ಟಿ ಎಣಿಸಿ. ಟೋಪಿ ನೋಡಿ ಎಣಿಸಬೇಡಿ."

ಇದಕ್ಕೂ ಯಾರೋ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬ, "ಸರ್‌ಗೇ ಟೋಪಿ ಹಾಕಿದವರಿದ್ರು ಅಂತ ಕಾಣುತ್ತೆ" ಎಂದು ಪಿಸುಗುಟ್ಟಿದ.

ಆ ಹಾಳೆಗಳನ್ನು ನರ್ಸ್ ಇದುವರೆಗೆ ಕಂಡಿರಲಿಲ್ಲ. ಟೋಪಿಯ ವಿಷಯ ಬದುಕಿದ್ದವರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಮೊನ್ನೆಯ ತನಕ. ಒಂದು ಹೆಸರೂ ಇಲ್ಲದೆ, ಒಂದು ದೂರೂ ಇಲ್ಲದೆ, ಅವಳ ಆ ಮಧ್ಯಾಹ್ನವನ್ನು ಚಿಕ್ಕಪ್ಪ ಎರಡು ಸಾಲಿನಲ್ಲಿ ಬರೆದಿಟ್ಟಿದ್ದರು.

ಅವಳು ಗೋಡೆಗೆ ಕೈಯೂರಿ ತಿರುಗಿದಳು. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಬೂದು ಬಣ್ಣದ ಸೀರೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಆದರೂ ಪೀಪಿಯ ಅಮ್ಮನನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಆ ಸಭಾಂಗಣದಲ್ಲಿ ನಗದೆ ಇದ್ದವರು ಅವರಿಬ್ಬರೇ.

*

ವಿಚಾರಣೆಯ ದಿನ ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ಎಣಿಸಿದವರು ಯಾರು ಎಂದು ನಡುವಿನವರು ಕೇಳಿದರು. ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಪಕ್ಕದಿಂದ ಚಿಕ್ಕಪ್ಪನ ದನಿ ಬಂತು, ತೂಕ ಹೇಳುವಂಥ ದನಿ.

"ನಾನು. ನಾನೇ ಎಣಿಸಿದೆ, ತಪ್ಪು ಎಣಿಸಿದೆ."

ಅವಳು ತೆರೆದ ಬಾಯಿ ಮುಚ್ಚಿದಳು. ಅದು ಅವಳು ಮಾಡಿದ ಎರಡನೆಯ ತಪ್ಪು. ಮೊದಲನೆಯದನ್ನು ಎಳೆಯ ವಯಸ್ಸಿನ ಮೇಲೆ ಹಾಕಬಹುದಿತ್ತು.

ಮನೆಗೆ ನಡೆದು ಬರುವಾಗ ಅವಳು ಅತ್ತಳು. ನಾಳೆ ಹೋಗಿ ಹೇಳ್ತೀನಿ ಎಂದಳು.

"ಹೇಳಿ ಏನ್ಮಾಡ್ತೀಯ? ಎಣಿಸು ಅಂದವನು ನಾನು. ಹೇಗೆ ಎಣಿಸ್ಬೇಕು ಅಂತ ನಿನಗೆ ಹೇಳಿಕೊಟ್ಟೆನಾ? ಇಲ್ಲ. ತಾನಾಗೇ ಬರುತ್ತೆ ಅಂದೆ." ಅವರು ನಿಂತರು. "ತಾನಾಗೇ ಏನೂ ಬರಲ್ಲ ಮಗಳೇ."

ದಳ ಮುಚ್ಚಿತು. ಐದು ವರ್ಷ ಅವರು ಭಾನುವಾರವೂ ಬೆಂಚಿನ ಮುಂದೆ ಕೂತರು. ಆಮೇಲೆ ಶಾಲೆಯ ಹೊಸ ಮುಖ್ಯೋಪಾಧ್ಯಾಯಿನಿ ಬಂದು, ತಪ್ಪು ಏನೆಂದು ಗೊತ್ತಿರೋರೇ ನನಗೆ ಬೇಕು ಎಂದು ಹಟ ಹಿಡಿದು ಅವರನ್ನು ಮತ್ತೆ ಕರೆದೊಯ್ದರು. ಅವಳು ಮಾತ್ರ ಹೋಗಲಿಲ್ಲ. ನರ್ಸಾದಳು. ಪಾಳಿ ಬದಲಾಗುವಾಗ ಅವಳು ಒಂದೊಂದು ಮಂಚದ ಹತ್ತಿರ ಹೋಗಿ ರೋಗಿಯ ಪಾದ ಮುಟ್ಟಿ ಎಣಿಸುವುದನ್ನು ಕಂಡು ಜೊತೆಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬಸ್ಸಿನಲ್ಲಿ ಯಾರದಾದರೂ ಚೀಲದ ಮೇಲೆ ಟೋಪಿ ಕಂಡರೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುತ್ತಿದ್ದಳು.

*

ಗುಂಡಿಗೆ ಪೆಟ್ಟಿಗೆ ಇಳಿಸಿದ ಮೇಲೆ ಮಕ್ಕಳು ಅಂಚಿನಲ್ಲಿ ಸಾಲು ನಿಂತರು. ಬೇಕರಿಯವನು ಹೇಳಿದ, "ಸರ್ ಹೇಳಿಕೊಟ್ಟ ಹಾಗೆ."

"ಒಂದು." "ಎರಡು." "ಮೂರು."

ಪ್ರತಿಯೊಬ್ಬರೂ ತಮ್ಮ ಸಂಖ್ಯೆ ಹೇಳಿ ಪಕ್ಕದವರ ತಲೆ ಮುಟ್ಟಿದರು. ಕೊನೆಯ ಪುಟ್ಟ ಹುಡುಗಿ "ಹದಿನೇಳು" ಎಂದಳು. ಎಣಿಕೆ ಮುಗಿಯಿತು. ಆದರೆ ಸಾಲು ಕದಲಲಿಲ್ಲ. ಹದಿನೇಳೂ ಮಕ್ಕಳು ತಲೆ ಸ್ವಲ್ಪ ವಾಲಿಸಿ, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಸುಮ್ಮನೆ ನಿಂತರು. ಗಾಳಿಗೆ ಒಣಗಿದ ಎಲೆಗಳು ನೆಲದ ಮೇಲೆ ಉರುಳಿದವು. ಉಸಿರೆಳೆದು ಬಿಡುವಷ್ಟು ಹೊತ್ತು, ಇನ್ನೊಂದು ಉಸಿರಿನಷ್ಟು ಹೊತ್ತು. ಆಮೇಲೆ ಸಾಲು ಚದುರಿತು.

"ಅದೇನದು ಕೊನೇಲಿ?" ನರ್ಸ್ ಬೇಕರಿಯವನ ತೋಳು ಹಿಡಿದು ಕೇಳಿದಳು.

"ಅದಾ? ಎಣಿಕೆ ಮುಗಿದ ಮೇಲೆ ಸರ್ ಯಾವಾಗಲೂ ಹಾಗೇ ನಿಲ್ಲೋರು. ಯಾಕೆ ಅಂತ ನಾವು ಕೇಳಿಲ್ಲ. ಹಕ್ಕಿ ದನಿ ಕೇಳ್ತಾರೆ ಅಂತ ಮಕ್ಕಳು ಅನ್ಕೊಂಡಿದ್ವು. ಅವೂ ನಿಲ್ಲೋಕೆ ಶುರು ಮಾಡಿದ್ವು, ಈಗ ಅದೇ ಅಭ್ಯಾಸ."

ಆ ಮೌನದಲ್ಲಿ ಗುಡ್ಡವೆಲ್ಲ ಕೇಳುವಂತೆ ಕೂಗುತ್ತಿದ್ದ ಒಂದು ದನಿಯ ಜಾಗ ಅಷ್ಟೇ ಅಗಲಕ್ಕೆ ಖಾಲಿ ಇತ್ತು. ಹದಿನೆಂಟು ವರ್ಷದಿಂದ, ಪ್ರತಿ ಭಾನುವಾರ, ಚಿಕ್ಕಪ್ಪ ಅದಕ್ಕಾಗಿ ನಿಂತಿದ್ದರು.

ಜನ ಕರಗುತ್ತಿದ್ದರು. ಪೀಪಿಯ ಅಮ್ಮ ಗೇಟಿನ ಹತ್ತಿರದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ನರ್ಸ್ ಹೋಗಿ ಪಕ್ಕದಲ್ಲಿ ನಿಂತಳು.

"ಅಮ್ಮಾ, ನಾನು ಅವರ ಅಣ್ಣನ ಮಗಳು."

"ಗೊತ್ತು. ಅವತ್ತು ನೀನೂ ಇದ್ದೆ." ಅವರು ತಲೆ ಎತ್ತಲಿಲ್ಲ. "ನಿಮ್ಮ ಚಿಕ್ಕಪ್ಪ ಪ್ರತಿ ವರ್ಷ ಆ ತಾರೀಖಿಗೆ ನಮ್ಮ ಅಂಗಡಿಗೆ ಬರ್ತಿದ್ರು, ಗೊತ್ತಾ? ಮೊದಲನೇ ವರ್ಷ ಮುಖದ ಮೇಲೆ ನೀರೆರಚಿದೆ. ಮಾರನೇ ವರ್ಷ ಮತ್ತೆ ಬಂದ್ರು. ಏನೂ ಮಾತಾಡ್ತಿರಲಿಲ್ಲ. ನನ್ನ ತಕ್ಕಡಿ ಬಿಚ್ಚಿ, ಒರೆಸಿ, ಮುಳ್ಳು ಸರಿ ಮಾಡಿ ಹೋಗೋರು. ಅಷ್ಟು ಹೊತ್ತೂ ನಾನು ಬೈತಾ ಇರ್ತಿದ್ದೆ. ನಿನ್ನ ಕಣ್ಣು ಇಂಗಿ ಹೋಗ್ಲಿ ಅಂದಿದೀನಿ. ಎಣಿಸೋಕೆ ಬರದ ಕೈಗೆ ತಕ್ಕಡಿ ಯಾಕೋ ಅಂದಿದೀನಿ. ಇಪ್ಪತ್ತಮೂರು ವರ್ಷ." ನಲ್ಲಿ ನಿಲ್ಲಿಸಿದರು. "ವರ್ಷಕ್ಕೊಂದು ಸಲ ಬೈಯೋಕೆ ಒಬ್ಬರಿದ್ರು. ಇನ್ನು ಯಾರಿದಾರೆ ಅಂತ, ಅದನ್ನೇ ನೋಡೋಕೆ ಬಂದೆ."

"ನಾನಿದೀನಿ," ಎಂದಳು ನರ್ಸ್.

ಆಗ ಅವರು ನೋಡಿದರು.

"ಎಣಿಸಿದ್ದು ಅವರಲ್ಲ, ನಾನು. ದೂರದಲ್ಲಿ ನಿಂತು ಎಣಿಸಿದೆ. ನಿಮ್ಮ ಹುಡುಗ ಚೀಲದ ಮೇಲೆ ಟೋಪಿ ಇಟ್ಟು ಹೋಗಿದ್ದ. ಅದನ್ನ ಅವನೇ ಅನ್ಕೊಂಡೆ. ವಿಚಾರಣೇಲಿ ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ನಿದ್ದೆ."

ಹೆಂಗಸಿನ ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಡೆಯುತ್ತಾರೆ ಎಂದು ನರ್ಸ್ ಕಾದಳು. ಹೊಡೆಯಲಿ ಎಂದು ಕಾದಳು.

"ಟೋಪಿ ಇಟ್ಟು ಹೋಗಿದ್ನಾ?" ಎಂದರು ಅವರು ಕೊನೆಗೆ, ತೀರ ಸಣ್ಣ ದನಿಯಲ್ಲಿ. "ಅದನ್ನ ಯಾರೂ ನನಗೆ ಹೇಳಲೇ ಇಲ್ಲ. ಬಿಸಿಲಲ್ಲಿ ಟೋಪಿ ತೆಗೀಬೇಡ ಕಣೋ ಅಂತ ಅವತ್ತು ಬೆಳಿಗ್ಗೆ ಬೈದು ಕಳಿಸಿದ್ದೆ."

ಅವರು ಸಮಾಧಿಯ ಕಡೆ ತಿರುಗಿ ನೋಡಿದರು.

"ಅವರ ಹೆಂಡ್ತಿಗೆ ಗೊತ್ತಾ ಇದು?"

"ಇಲ್ಲ."

"ಅವಳೂ ಅವರನ್ನೇ ತಪ್ಪಿತಸ್ಥ ಅನ್ಕೊಂಡು ಇಷ್ಟು ವರ್ಷ ಬದುಕಿದಾಳಾ?"

"ಹೌದು."

"ಇವತ್ತೇ ಹೇಳು. ಮನೆಗೆ ಹೋಗೋ ಮುಂಚೆ ಹೇಳು." ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ನಿನ್ನ ಜೊತೆ ಏನು ಮಾತಾಡ್ಬೇಕೋ ನನಗೆ ಈಗ ತಿಳೀತಿಲ್ಲ. ಅಂಗಡಿಗೆ ಬಾ. ಬೈತೀನೋ ಏನೋ, ಬಾ. ಈಗ ನನಗೆ ಬೇರೆ ಕೆಲಸ ಇದೆ."

ಗೇಟಿನ ಆಚೆ ಚಿಕ್ಕಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಹತ್ತಿದ ಮಣ್ಣು ಕೊಡವುತ್ತಿದ್ದರು. ನರ್ಸ್ ಆ ಕಡೆ ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದಳು.

ಪೀಪಿಯ ಅಮ್ಮ ಬಂದ ದಾರಿಯಲ್ಲೇ ವಾಪಸ್ಸು ನಡೆದು, ಹೊಸ ಮಣ್ಣಿನ ಪಕ್ಕ ಮೊಣಕಾಲಿಗೆ ಕೈಕೊಟ್ಟು ನಿಧಾನವಾಗಿ ಕುಕ್ಕುರುಗಾಲಿನಲ್ಲಿ ಕೂತರು. ಮಾತಾಡತೊಡಗಿದರು. ಇಷ್ಟು ದೂರಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಬಲಗೈ ಮಾತ್ರ ಮೇಲೇಳುತ್ತಿತ್ತು, ಜಗಳದಲ್ಲಿ ಏಳುವ ಹಾಗೆ. ಆಮೇಲೆ ಬೆರಳು ಬಿಡಿಸಿ ಮಣ್ಣಿನ ಮೇಲೆ ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಮಣ್ಣು ಮುಚ್ಚಿ ಮುಗಿಸಬೇಕಿದ್ದ ಆಳು ಗುದ್ದಲಿ ಹಿಡಿದು ಹತ್ತಿರ ಬಂದವನು, ಆ ಮಾತು ಬೇಗ ಮುಗಿಯುವಂಥದ್ದಲ್ಲ ಎಂದು ಕಂಡು, ಗುದ್ದಲಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು ದೂರದ ಕಲ್ಲಿನ ಮೇಲೆ ಹೋಗಿ ಕೂತ.